ಮಾರಿದ ಆಟಗಾರನನ್ನೇ ಮರಳಿ ಕೊಂಡ ಕ್ಲಬ್: ಸ್ಟೀವ್ ಕ್ಲ್ಯಾರಿಜ್ ಪ್ರಕರಣ

1992ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ ತನ್ನ ಫಾರ್ವರ್ಡ್ ಆಟಗಾರ ಸ್ಟೀವ್ ಕ್ಲ್ಯಾರಿಜ್ ಅವರನ್ನು ಸುಮಾರು 1.6 ಲಕ್ಷ ಪೌಂಡಿಗೆ ಲೂಟನ್ ಟೌನ್‌ಗೆ ಮಾರಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಮಾರು 1.95 ಲಕ್ಷ ಪೌಂಡ್ ಕೊಟ್ಟು ಅವರನ್ನೇ ವಾಪಸ್ ಕೊಂಡಿತು. ನಡುವಿನ ತಿಂಗಳುಗಳಲ್ಲಿ ಕ್ಲ್ಯಾರಿಜ್ ಲೂಟನ್ ಪರ 16 ಲೀಗ್ ಪಂದ್ಯ ಆಡಿ ಹೊಡೆದದ್ದು ಎರಡೇ ಗೋಲು. ಆಟ ಇಳಿದಿತ್ತು, ಬೆಲೆ ಏರಿತ್ತು. ಅಂಗಡಿಯ ಲೆಕ್ಕದಲ್ಲಿ ಇದು ಶುದ್ಧ ದಡ್ಡ ವ್ಯಾಪಾರ.

ಆ ನಾಲ್ಕೈದು ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ಎರಡು ಸಂಗತಿ ನಡೆದಿದ್ದವು. ಆಗಸ್ಟ್‌ನಲ್ಲಿ ಇನ್ನೊಬ್ಬ ಫಾರ್ವರ್ಡ್ ಡಿಯಾನ್ ಡಬ್ಲಿನ್ ಸುಮಾರು 10 ಲಕ್ಷ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ್ದರು. ಹಾಗಾಗಿ ಕೈಯಲ್ಲಿ ಹಣವಿತ್ತು, ಗೋಲು ಹೊಡೆಯುವವರಿರಲಿಲ್ಲ. ಅಕ್ಟೋಬರ್‌ನಲ್ಲಿ ಮ್ಯಾನೇಜರ್ ಜಾನ್ ಬೆಕ್ ಅವರನ್ನು ಕ್ಲಬ್ ವಜಾ ಮಾಡಿತ್ತು. ಕ್ಲ್ಯಾರಿಜ್ ಹೊರಟದ್ದು ಬೆಕ್ ಇದ್ದ ಕಾರಣಕ್ಕೆ, ಬೆಕ್ ಹೋದರು, ಕ್ಲ್ಯಾರಿಜ್ ಬಂದರು. ಅವರ ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ನಡೆದ ವರ್ಗಾವಣೆಗಳ ಪೈಕಿ ಹೆಚ್ಚಿನವನ್ನು ಇದೇ ಅಳತೆಗೋಲಿನಿಂದ ಓದಬಹುದು: ಮ್ಯಾನೇಜರ್ ಯಾರು, ಒಪ್ಪಂದದಲ್ಲಿ ಎಷ್ಟು ಉಳಿದಿದೆ, ಯಾವ ತಿಂಗಳು.

ಇಂಗ್ಲೆಂಡಿನಲ್ಲಿ ಇಂಥ ಆಟಗಾರರನ್ನು ಜರ್ನಿಮನ್ ಎಂದು ಕರೆಯುತ್ತಾರೆ. ಜರ್ನಿ ಎಂದು ಕೇಳಿದ ಕೂಡಲೇ ಪ್ರಯಾಣ ನೆನಪಾಗಿ, ಊರೂರು ಅಲೆಯುವವನು ಎಂದುಕೊಳ್ಳುತ್ತೇವೆ. ಪದದ ಬೇರು ಬೇರೆಯೇ. ಫ್ರೆಂಚ್‌ನಲ್ಲಿ ಝೂರ್ನೆ ಎಂದರೆ ಒಂದು ದಿನ, ಒಂದು ದಿನದ ಕೆಲಸ. ಕಸುಬು ಪೂರ್ತಿ ಕಲಿತವನು, ಆದರೆ ಸ್ವಂತ ಅಂಗಡಿ ಇಟ್ಟುಕೊಳ್ಳದೆ ದಿನಗೂಲಿಗೆ ಇನ್ನೊಬ್ಬರ ಕೈಕೆಳಗೆ ದುಡಿಯುವವನು ಜರ್ನಿಮನ್. ನಮ್ಮಲ್ಲಿ ಮೇಸ್ತ್ರಿಯ ಹಿಂದೆ ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ಹೋಗುವ ಗಾರೆ ಕೆಲಸದವನು ಇದಕ್ಕೆ ಹತ್ತಿರ. ಮೇಸ್ತ್ರಿಗೆ ಅವನ ಕೈ ಗೊತ್ತು, ಅವನಿಗೆ ಮೇಸ್ತ್ರಿಯ ರೀತಿ ಗೊತ್ತು. ಫುಟ್‌ಬಾಲ್‌ನಲ್ಲಿ ಆ ಮೇಸ್ತ್ರಿಯ ಹೆಸರು ಮ್ಯಾನೇಜರ್.

ಮೆಟ್ಟಿಲುಗಳು

ಕ್ಲ್ಯಾರಿಜ್ ಹುಟ್ಟಿದ್ದು 1966ರ ಏಪ್ರಿಲ್ 10ರಂದು, ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್‌ನಲ್ಲಿ. ದೊಡ್ಡ ಕ್ಲಬ್ಬಿನ ಅಕಾಡೆಮಿಯಿಂದ ಬಂದವರಲ್ಲ. ಶುರುವಾದದ್ದು ಫೇರಮ್ ಟೌನ್ ಎಂಬ ಸಣ್ಣ ಕ್ಲಬ್ಬಿನಲ್ಲಿ. ಆಗ ಇಂಗ್ಲಿಷ್ ಲೀಗ್ ಎಂದರೆ ನಾಲ್ಕು ಡಿವಿಷನ್, 92 ಕ್ಲಬ್. ಅದರ ಕೆಳಗಿರುವುದಕ್ಕೆಲ್ಲ ಒಂದೇ ಹೆಸರು, ನಾನ್‌ಲೀಗ್. ಅಲ್ಲಿ ಬಹುಪಾಲು ಆಟಗಾರರು ಅರೆಕಾಲಿಕರು. ಹಗಲು ಬೇರೆ ಕೆಲಸ, ವಾರಕ್ಕೆರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ. 1984ರಲ್ಲಿ ಹ್ಯಾರಿ ರೆಡ್‌ನ್ಯಾಪ್ ಮ್ಯಾನೇಜರ್ ಆಗಿದ್ದ ಬೋರ್ನ್‌ಮತ್ ಕ್ಲಬ್ ಕ್ಲ್ಯಾರಿಜ್‌ರನ್ನು ಮೇಲಕ್ಕೆ ತಂದಿತು. ಅಲ್ಲಿ ಆಡಿದ್ದು ಏಳು ಲೀಗ್ ಪಂದ್ಯ. ಆಮೇಲೆ ಮತ್ತೆ ನಾನ್‌ಲೀಗ್: ವೇಮತ್‌ನಲ್ಲಿ ಮೂರು ಸೀಸನ್.

1988ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕರೆದುಕೊಂಡಿತು, ಮೊದಲ ತಂಡದಲ್ಲಿ ಒಂದು ನಿಮಿಷವೂ ಆಡಿಸದೆ ಆಲ್ಡರ್‌ಶಾಟ್‌ಗೆ ದಾಟಿಸಿತು. ಪ್ಯಾಲೇಸ್‌ನ ಈ ಹೆಸರು ಮುಂದೆ ಒಮ್ಮೆ ಬರಲಿದೆ, ನೆನಪಿರಲಿ. ಆಲ್ಡರ್‌ಶಾಟ್ ಕೈಯಲ್ಲಿ ಕಾಸಿಲ್ಲದ ಕ್ಲಬ್, 1992ರ ಮಾರ್ಚ್‌ನಲ್ಲಿ ಸೀಸನ್ ಮುಗಿಯುವ ಮೊದಲೇ ಬಾಗಿಲು ಹಾಕಿತು, ಆ ವರ್ಷ ಅದು ಆಡಿದ ಪಂದ್ಯಗಳ ಫಲಿತಾಂಶವನ್ನೆಲ್ಲ ಲೀಗ್ ಅಳಿಸಿಹಾಕಿತು. ಇಂಥ ಕ್ಲಬ್ಬಿಗೆ ಗೋಲು ಹೊಡೆಯುವ ಆಟಗಾರ ಎಂದರೆ ಸಂಬಳದ ದಿನ ಅಡವಿಡಲು ಇರುವ ಬಂಗಾರ. 1990ರ ಫೆಬ್ರುವರಿಯಲ್ಲಿ ಸುಮಾರು 75 ಸಾವಿರ ಪೌಂಡಿಗೆ ಕ್ಲ್ಯಾರಿಜ್‌ರನ್ನು ಕೇಂಬ್ರಿಜ್‌ಗೆ ಕೊಟ್ಟಿತು.

ಮೂಲೆಯ ಹುಲ್ಲು

ಜಾನ್ ಬೆಕ್ ಅವರ ಕೇಂಬ್ರಿಜ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈ ಪ್ರಕರಣದ ಗಂಟು ಇರುವುದೇ ಅಲ್ಲಿ.

ಬೆಕ್ ಅವರ ಲೆಕ್ಕ ಸರಳ. ಎದುರಾಳಿಯ ಎರಡು ಮೂಲೆಗಳಿಗೆ ಚೆಂಡು ಎಷ್ಟು ಸಲ ತಲುಪುತ್ತದೋ ಅಷ್ಟು ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಹೊಡೆಯುವ ಚೆಂಡು), ಎಷ್ಟು ಕ್ರಾಸೋ ಅಷ್ಟು ಗೋಲು. ಹಾಗಾಗಿ ಹಿಂದಿನಿಂದ ಒಂದೇ ಉದ್ದನೆಯ ಹೊಡೆತದಲ್ಲಿ ಚೆಂಡು ಮೂಲೆಗೆ ಹೋಗಬೇಕು. ಆದರೆ ಅಷ್ಟು ಜೋರಾಗಿ ಹೊಡೆದ ಚೆಂಡು ಸಾಮಾನ್ಯವಾಗಿ ಗೆರೆ ದಾಟಿ ಹೊರಗೆ ಉರುಳುತ್ತದೆ. ಅದಕ್ಕೆ ಮೈದಾನದ ನಾಲ್ಕೂ ಮೂಲೆಗಳಲ್ಲಿ ಹುಲ್ಲನ್ನು ಉದ್ದಕ್ಕೆ ಬಿಡಿಸಿದರು, ಮರಳೂ ಹಾಕಿಸಿದರು. ಚೆಂಡು ಅಲ್ಲಿಗೆ ಬಂದು ಸೊರಗಿ ನಿಲ್ಲುತ್ತಿತ್ತು, ಓಡಿಬಂದ ಫಾರ್ವರ್ಡ್ ಹೆಕ್ಕಿಕೊಳ್ಳುತ್ತಿದ್ದ. ಪಂದ್ಯಕ್ಕೆ ಮುಂಚೆ ತಮ್ಮ ಆಟಗಾರರ ಮೈಮೇಲೆ ತಣ್ಣೀರು ಸುರಿಸುತ್ತಿದ್ದರು. ಎದುರಾಳಿಗಳ ಡ್ರೆಸಿಂಗ್ ರೂಮಿನಲ್ಲಿ ಹೀಟರ್ ಏರಿಸಿಡುವುದು, ಅವರ ಚಹಾಕ್ಕೆ ವಿಪರೀತ ಸಕ್ಕರೆ ಸುರಿಯುವುದು, ಅಭ್ಯಾಸಕ್ಕೆ ನೀರು ಕುಡಿದ ಭಾರದ ಚೆಂಡು ಕೊಡುವುದು, ಇವೂ ಆ ಕಾಲದ ಕೇಂಬ್ರಿಜ್ ಆತಿಥ್ಯ.

ನಗು ಬರುತ್ತದೆ, ಆದರೆ ಫಲ ಸಿಕ್ಕಿತು. 1990ರ ಮೇ 26ರಂದು ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ ಚೆಸ್ಟರ್‌ಫೀಲ್ಡ್ ವಿರುದ್ಧ 1-0ಯಿಂದ ಗೆದ್ದು ನಾಲ್ಕನೇ ಡಿವಿಷನ್‌ನಿಂದ ಬಡ್ತಿ, ಅಂದರೆ ಒಂದು ಡಿವಿಷನ್ ಮೇಲಕ್ಕೆ. ಮರುವರ್ಷ ಮೂರನೇ ಡಿವಿಷನ್ ಚಾಂಪಿಯನ್. 1990, 1991 ಎರಡೂ ವರ್ಷ ಎಫ್‌ಎ ಕಪ್ ಎಂಬ ರಾಷ್ಟ್ರೀಯ ನಾಕೌಟ್ ಟೂರ್ನಿಯ ಕ್ವಾರ್ಟರ್‌ಫೈನಲ್. 1991-92ರಲ್ಲಿ ಎರಡನೇ ಡಿವಿಷನ್‌ನಲ್ಲಿ ಐದನೇ ಸ್ಥಾನ, ಅಂದರೆ ಅತ್ಯುನ್ನತ ಡಿವಿಷನ್ ಆಗಿ ಹೊಸದಾಗಿ ಶುರುವಾಗಲಿದ್ದ ಪ್ರೀಮಿಯರ್ ಲೀಗ್‌ನ ಹೊಸ್ತಿಲು. ಅಲ್ಲಿ ಪ್ಲೇಆಫ್, ಅಂದರೆ ಬಡ್ತಿಯ ಕೊನೆಯ ಜಾಗಕ್ಕೆ ನಡೆಯುವ ಪಂದ್ಯಗಳ, ಸೆಮಿಫೈನಲ್‌ನಲ್ಲಿ ಅವರನ್ನು ತಡೆದದ್ದು ಲೆಸ್ಟರ್ ಸಿಟಿ, ಎರಡನೇ ಪಂದ್ಯದಲ್ಲಿ 5-0.

ಈ ಯಂತ್ರದಲ್ಲಿ ಫಾರ್ವರ್ಡ್‌ಗೆ ಒಂದೇ ಕೆಲಸ. ಮೂಲೆಗೆ ಓಡು, ಚೆಂಡು ಹಿಡಿ, ಕ್ರಾಸ್ ಹೊಡೆ. ಒಳಕ್ಕೆ ತಿರುಗುವುದು ನಿಷಿದ್ಧ. ಕ್ಲ್ಯಾರಿಜ್ ಹುಟ್ಟಾ ಒಳಕ್ಕೆ ತಿರುಗುವ ಆಟಗಾರ. ಬೆನ್ನು ಗೋಲಿನತ್ತ, ಡಿಫೆಂಡರ್‌ನ ಭಾರ ಬೆನ್ನ ಮೇಲೆ, ಚೆಂಡು ಕಾಲಡಿಯಲ್ಲಿ, ಆಮೇಲೆ ಎಡಕ್ಕೆಂದು ತೋರಿಸಿ ಬಲಕ್ಕೆ ಹೊರಳುವುದು. ಒಂದು ಪಂದ್ಯದಲ್ಲಿ ಹೀಗೆ ತಿರುಗಿದ್ದಕ್ಕೆ ಮೊದಲಾರ್ಧದಲ್ಲೇ ಬೆಕ್ ಕ್ಲ್ಯಾರಿಜ್‌ರನ್ನು ಹೊರಗೆ ಕರೆದರು. ಡ್ರೆಸಿಂಗ್ ರೂಮಿನಲ್ಲಿ ಮಾತು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಆ ಬೇಸಿಗೆಯಲ್ಲಿ ಮಾರಾಟ.

ಲೂಟನ್‌ನಲ್ಲಿ ಕೆಟ್ಟದ್ದೇಕೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಅಲ್ಲಿನ ಮ್ಯಾನೇಜರ್ ಡೇವಿಡ್ ಪ್ಲೀಟ್ ಅವರದು ಸಣ್ಣ ಸಣ್ಣ ಪಾಸ್‌ಗಳ ತಂಡ. ಎರಡೂವರೆ ವರ್ಷ ತಲೆ ಮೇಲಿನ ಚೆಂಡಿನ ಹಿಂದೆ ಓಡಿದವನಿಗೆ ಕಾಲಿಗೆ ಬರುವ ಚೆಂಡಿನ ಸಮಯ ಹಿಡಿಯಲು ಕೆಲವು ತಿಂಗಳು ಬೇಕು. ದೊಡ್ಡ ಬೆಲೆಯ ಆಟಗಾರನಿಗೆ ಆ ತಿಂಗಳುಗಳನ್ನು ಕೊಡುತ್ತಾರೆ, ಒಂದೂವರೆ ಲಕ್ಷದವನಿಗೆ ಕೊಡುವುದಿಲ್ಲ. ಕೇಂಬ್ರಿಜ್‌ಗೆ ವಾಪಸ್ ಬಂದದ್ದರಿಂದ ಆ ಕ್ಲಬ್ಬೇನೂ ಉಳಿಯಲಿಲ್ಲ, 1993ರ ಮೇನಲ್ಲಿ ಹಿಂಬಡ್ತಿ ಪಡೆಯಿತು. ಆದರೆ ಕ್ಲ್ಯಾರಿಜ್ ಉಳಿದರು.

ಒಪ್ಪಂದದ ಒಳಗೆ

ಇಂಥ ಜಗಳಗಳಲ್ಲಿ ಆಟಗಾರ ಯಾಕೆ ತಾನಾಗಿ ಎದ್ದು ಹೋಗುವುದಿಲ್ಲ? ಕಾರಣ ಒಪ್ಪಂದದ ಒಂದು ಸಾಲಿನಲ್ಲಿದೆ.

ಇಂಗ್ಲಿಷ್ ಆಟಗಾರನ ದುಡಿಮೆಯಲ್ಲಿ ನಾಲ್ಕೈದು ಭಾಗಗಳಿರುತ್ತವೆ. ವಾರದ ಸಂಬಳ. ಅಂಗಳಕ್ಕಿಳಿದರೆ ಸಿಗುವ ಪಂದ್ಯದ ಭತ್ಯೆ. ಗೆಲುವಿಗೆ, ಗೋಲಿಗೆ ಬೋನಸ್. ಬಡ್ತಿ ಸಿಕ್ಕರೆ ಬೇರೆ ಮೊತ್ತ. ಇವೆಲ್ಲದರ ಜೊತೆ ಸೈನಿಂಗ್-ಆನ್ ಫೀ, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಹಣ. ಈ ಹಣ ಒಂದೇ ಸಲ ಕೈಗೆ ಬರುವುದಿಲ್ಲ. ಒಪ್ಪಂದದ ವರ್ಷಗಳಿಗೆ ಸಮವಾಗಿ ಹಂಚಿರುತ್ತಾರೆ. ಮೂರು ವರ್ಷದ ಒಪ್ಪಂದ, 60 ಸಾವಿರ ಪೌಂಡ್ ಎಂದಿಟ್ಟುಕೊಳ್ಳಿ: ವರ್ಷಕ್ಕೆ 20 ಸಾವಿರ. ಒಂದು ವರ್ಷವಾದ ಮೇಲೆ ಕ್ಲಬ್ಬೇ ಆತನನ್ನು ಮಾರಿದರೆ ಉಳಿದ 40 ಸಾವಿರ ಕೊಟ್ಟು ಕಳಿಸಬೇಕು. ಆತನೇ ನನ್ನನ್ನು ಬಿಟ್ಟುಬಿಡಿ ಎಂದು ಬರೆದುಕೊಟ್ಟರೆ ಆ 40 ಸಾವಿರ ಹೋಯಿತು.

ಈ ಒಂದು ನಿಯಮದಿಂದ ಎಷ್ಟೋ ವಿಚಿತ್ರ ದೃಶ್ಯಗಳು ಹುಟ್ಟುತ್ತವೆ. ಮ್ಯಾನೇಜರ್‌ಗೆ ಆಟಗಾರ ಬೇಡ, ಆದರೆ ಬಾಕಿ ಕೊಡಲು ಕ್ಲಬ್ಬಿಗೆ ಇಷ್ಟವಿಲ್ಲ. ಆಗ ಆತನನ್ನು ಮೀಸಲು ತಂಡದ ಜೊತೆ, ಹದಿನೇಳು ವರ್ಷದ ಹುಡುಗರ ಜೊತೆ ಅಭ್ಯಾಸಕ್ಕೆ ಹಾಕುತ್ತಾರೆ. ಪಂದ್ಯದ ಭತ್ಯೆ, ಬೋನಸ್ ಎರಡೂ ನಿಂತಾಗ ಬೇಸತ್ತು ಬರೆದುಕೊಡಲಿ ಎಂದು. ಕಸುಬು ತಿಳಿದ ಆಟಗಾರ ಬರೆಯುವುದಿಲ್ಲ. ಬಾಯಲ್ಲಿ ಏನು ಬೇಕಾದರೂ ಹೇಳಿಯಾನು, ಕಾಗದದ ಮೇಲೆ ಪೆನ್ನು ಇಡುವುದಿಲ್ಲ. ಪತ್ರಿಕೆಯಲ್ಲಿ ಇಂಥ ಆಟಗಾರ ಕ್ಲಬ್ ಬಿಡಲು ಬಯಸಿದ್ದಾನೆ ಎಂದು ಬಂದು, ಸಂಜೆಗೆ ಅಂಥ ಯಾವ ಪತ್ರವೂ ಬಂದಿಲ್ಲ ಎಂದು ಕ್ಲಬ್ ಹೇಳಿದರೆ, ಅಲ್ಲಿ ಎಳೆದಾಟ ನಡೆದಿರುವುದು ಬಹುಮಟ್ಟಿಗೆ ಈ ದುಡ್ಡಿಗೆ.

ಇಷ್ಟು ಸ್ವಾತಂತ್ರ್ಯವೂ ಬಹಳ ಹಳೆಯದಲ್ಲ. 1961ರವರೆಗೆ ಲೀಗ್ ಆಟಗಾರನ ಸಂಬಳಕ್ಕೆ ವಾರಕ್ಕೆ 20 ಪೌಂಡ್ ಎಂಬ ಮಿತಿ ಇತ್ತು. ಒಪ್ಪಂದ ಮುಗಿದರೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿಯನ್ನು ಜಾರ್ಜ್ ಈಸ್ಟಮ್ ಎಂಬ ಆಟಗಾರನ ಪ್ರಕರಣದಲ್ಲಿ 1963ರಲ್ಲಿ ನ್ಯಾಯಾಲಯ ಅಕ್ರಮವೆಂದಿತು. 1978ರಲ್ಲಿ ಒಪ್ಪಂದ ಮುಗಿದ ಮೇಲೆ ಹೋಗುವ ಹಕ್ಕು ಬಂತು, ಆದರೂ ಹೊಸ ಕ್ಲಬ್ ಹಳೆಯದಕ್ಕೆ ಬೆಲೆ ತೆರಬೇಕಿತ್ತು, ಎರಡೂ ಒಪ್ಪದಿದ್ದರೆ ನ್ಯಾಯಮಂಡಳಿ ಬೆಲೆ ಕಟ್ಟುತ್ತಿತ್ತು. ಬೆಲ್ಜಿಯಂ ಆಟಗಾರ ಬೋಸ್ಮನ್ ಮೊಕದ್ದಮೆಯಲ್ಲಿ 1995ರ ಡಿಸೆಂಬರ್ 15ರಂದು ಬಂದ ತೀರ್ಪು ಯುರೋಪಿನ ದೇಶದೇಶಗಳ ನಡುವೆ ಆ ಬೆಲೆಯನ್ನು ತೆಗೆದುಹಾಕಿತು. ಇಂಗ್ಲೆಂಡಿನ ಒಳಗೆ 24 ದಾಟಿದವರಿಗೆ ಅದೇ ಸೌಲಭ್ಯ ಸಿಕ್ಕಿದ್ದು 1998ರಲ್ಲಿ. ಕ್ಲ್ಯಾರಿಜ್‌ಗೆ ಆಗ 32. ಅವರ ವೃತ್ತಿಯ ಮೊದಲರ್ಧ ಹಳೆಯ ಕಾನೂನಿನಲ್ಲಿ, ಕೊನೆಯರ್ಧ ಹೊಸದರಲ್ಲಿ ನಡೆಯಿತು.

ಬರ್ಮಿಂಗ್‌ಹ್ಯಾಮ್, ಲೆಸ್ಟರ್

1994ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯ ಮ್ಯಾನೇಜರ್ ಬ್ಯಾರಿ ಫ್ರೈ ಸುಮಾರು 3.5 ಲಕ್ಷ ಪೌಂಡಿಗೆ ಕ್ಲ್ಯಾರಿಜ್‌ರನ್ನು ಕೊಂಡರು. ಫ್ರೈ ಆಟಗಾರರನ್ನು ಕೊಳ್ಳುವುದು ಸಂತೆಯಲ್ಲಿ ತರಕಾರಿ ಕೊಂಡಂತೆ. ಡ್ರೆಸಿಂಗ್ ರೂಮಿನಲ್ಲಿ ಪ್ರತಿ ತಿಂಗಳೂ ಹೊಸ ಮುಖಗಳು. ಅಲ್ಲಿ ಉಳಿಯಬೇಕಾದರೆ ಗೋಲು ಹೊಡೆಯುತ್ತಲೇ ಇರಬೇಕು. 1994-95ರಲ್ಲಿ ಕ್ಲ್ಯಾರಿಜ್ ಎಲ್ಲ ಟೂರ್ನಿಗಳೂ ಸೇರಿ 25 ಗೋಲು ಹೊಡೆದರು.  ಪ್ರೀಮಿಯರ್ ಲೀಗ್ 22ರಿಂದ 20 ಕ್ಲಬ್ಬಿಗೆ ಇಳಿಯುತ್ತಿದ್ದ ಕಾರಣ ಆ ವರ್ಷ ಎರಡನೇ ಡಿವಿಷನ್‌ನಿಂದ (ಪ್ರೀಮಿಯರ್ ಲೀಗ್ ಬಂದ ಮೇಲೆ ಈ ಹೆಸರು ಮೂರನೇ ಮಟ್ಟದ್ದು) ನೇರ ಬಡ್ತಿ ಒಂದೇ ತಂಡಕ್ಕೆ ಇತ್ತು. ಅದು ಬರ್ಮಿಂಗ್‌ಹ್ಯಾಮ್‌ಗೆ ಸಿಕ್ಕಿತು. ಏಪ್ರಿಲ್ 23ರಂದು ವೆಂಬ್ಲಿಯಲ್ಲಿ ಕಾರ್ಲೈಲ್ ವಿರುದ್ಧ ಗೋಲ್ಡನ್ ಗೋಲಿನಿಂದ, ಅಂದರೆ ಹೆಚ್ಚುವರಿ ಅವಧಿಯಲ್ಲಿ ಬಿದ್ದೊಡನೆ ಪಂದ್ಯ ಮುಗಿಸುವ ಗೋಲಿನಿಂದ, ಕೆಳ ಡಿವಿಷನ್‌ಗಳ ಕಪ್ ಕೂಡ ಬಂತು.

ಮುಂದಿನ ಕೊಂಡಿ ನೋಡಿ. 1995ರ ಡಿಸೆಂಬರ್‌ನಲ್ಲಿ ಲೆಸ್ಟರ್‌ನ ಮ್ಯಾನೇಜರ್ ಮಾರ್ಕ್ ಮೆಕ್‌ಗೀ ವುಲ್ವರ್‌ಹ್ಯಾಂಪ್ಟನ್‌ಗೆ ಹೊರಟರು. ಆ ಜಾಗಕ್ಕೆ ಮಾರ್ಟಿನ್ ಒ'ನೀಲ್ ಬಂದರು. ಒ'ನೀಲ್ 1996ರ ಮಾರ್ಚ್‌ನಲ್ಲಿ ಹತ್ತು ಲಕ್ಷಕ್ಕೂ ಮೇಲೆ ಕೊಟ್ಟು ಕ್ಲ್ಯಾರಿಜ್‌ರನ್ನು ಕೊಂಡರು. ತಿಂಗಳೂ ಮುಖ್ಯ. ಟ್ರಾನ್ಸ್‌ಫರ್ ವಿಂಡೋ, ಅಂದರೆ ಗೊತ್ತಾದ ಅವಧಿಯಲ್ಲಷ್ಟೇ ಆಟಗಾರರನ್ನು ಕೊಳ್ಳುವ ನಿಯಮ, ಬರುವುದಕ್ಕೆ ಮೊದಲು ಸೀಸನ್ ಉದ್ದಕ್ಕೂ ಕೊಳ್ಳಬಹುದಿತ್ತು, ಬಾಗಿಲು ಮುಚ್ಚುತ್ತಿದ್ದದ್ದು ಮಾರ್ಚ್ ಕೊನೆಯಲ್ಲಿ. ಬಡ್ತಿಯ ಆಸೆ ಇರುವವರು, ಹಿಂಬಡ್ತಿಯ ಭಯ ಇರುವವರು ಇಬ್ಬರೂ ಆ ತಿಂಗಳಲ್ಲಿ ಕೊಳ್ಳಲು ಮುಗಿಬೀಳುತ್ತಿದ್ದರು. ಹೊಂದಿಕೊಳ್ಳಲು ಸಮಯ ಬೇಡದ, ಬಂದ ಶನಿವಾರವೇ ಆಡಬಲ್ಲ ಅನುಭವಿಗೆ ಬೇಡಿಕೆ ಬರುತ್ತಿದ್ದದ್ದು ಆಗಲೇ. ಕ್ಲ್ಯಾರಿಜ್‌ಗೆ ಮೂವತ್ತು ತುಂಬಲು ಒಂದು ತಿಂಗಳು ಬಾಕಿ ಇತ್ತು.

1996ರ ಮೇ 27, ವೆಂಬ್ಲಿ, ಪ್ರೀಮಿಯರ್ ಲೀಗ್‌ಗೆ ಬಡ್ತಿಯ ಪ್ಲೇಆಫ್ ಫೈನಲ್. ಎದುರಿಗೆ ಕ್ರಿಸ್ಟಲ್ ಪ್ಯಾಲೇಸ್. ಆಂಡಿ ರಾಬರ್ಟ್ಸ್ ಮೊದಲೇ ಗೋಲು ಹೊಡೆದು ಪ್ಯಾಲೇಸ್‌ಗೆ ಮುನ್ನಡೆ ಕೊಟ್ಟಿದ್ದರು, ದ್ವಿತೀಯಾರ್ಧದಲ್ಲಿ ಗ್ಯಾರಿ ಪಾರ್ಕರ್ ಪೆನಾಲ್ಟಿಯಿಂದ ಸಮ ಮಾಡಿದ್ದರು. ಹೆಚ್ಚುವರಿ ಅವಧಿಯೂ ಮುಗಿಯುತ್ತಾ ಬಂತು. ಶೂಟೌಟ್ ಖಚಿತವೆಂದು ಒ'ನೀಲ್ ಗೋಲ್‌ಕೀಪರ್ ಬದಲಿಸಿದರು. ಕೆವಿನ್ ಪೂಲ್ ಹೊರಗೆ, ಎರಡು ಮೀಟರ್ ದಾಟಿದ ಎತ್ತರದ ಆಸ್ಟ್ರೇಲಿಯನ್ ಜೆಲ್ಕೊ ಕಲಾಚ್ ಒಳಗೆ. ಪೆನಾಲ್ಟಿ ತಡೆಯಲೆಂದೇ ಇಳಿಸಿದ ಆಳು. ಕಲಾಚ್ ಗ್ಲೌಸ್ ಬಿಗಿ ಮಾಡಿಕೊಳ್ಳುವಷ್ಟರಲ್ಲಿ ಲೆಸ್ಟರ್‌ಗೆ ಫ್ರೀ ಕಿಕ್. ಪಾರ್ಕರ್ ಎತ್ತಿದ ಚೆಂಡು ಪೆನಾಲ್ಟಿ ಬಾಕ್ಸಿನ ಹೊರಗಿದ್ದ ಕ್ಲ್ಯಾರಿಜ್ ಬಳಿ ಬಿತ್ತು. ಬೀಸಿದ ಕಾಲಿಗೆ ಚೆಂಡು ಸರಿಯಾಗಿ ಸಿಗಲಿಲ್ಲ, ಪಾದಕ್ಕೆ ತಾಗುವ ಬದಲು ಮೊಣಕಾಲ ಕೆಳಗಿನ ಮೂಳೆಗೆ ತಾಗಿತು. ಕ್ಲ್ಯಾರಿಜ್ ಯಾವಾಗಲೂ ಕಾಲುಚೀಲವನ್ನು ಹಿಮ್ಮಡಿಯವರೆಗೆ ಇಳಿಸಿಕೊಂಡು ಆಡುವವರು. ಚೆಂಡು ಬಾಗುತ್ತಾ ಹೋಗಿ ಗೋಲಿನ ಮೇಲ್ಮೂಲೆಗೆ ಸೇರಿತು. ಪ್ಯಾಲೇಸ್ ಗೋಲ್‌ಕೀಪರ್ ನೈಜಲ್ ಮಾರ್ಟಿನ್ ನಿಂತಲ್ಲೇ ನಿಂತಿದ್ದರು. 120ನೇ ನಿಮಿಷ, 2-1. ತಂಡ ಪ್ರೀಮಿಯರ್ ಲೀಗ್‌ಗೆ ಹೋಯಿತು.

ಅದೃಷ್ಟ ಎನ್ನುವವರಿದ್ದಾರೆ. ಸರಿಯಾಗಿ ಕಾಲಿಗೆ ಸಿಕ್ಕಿದ್ದರೆ ಮಾರ್ಟಿನ್ ತಡೆಯುತ್ತಿದ್ದರೇನೋ, ತಪ್ಪಾಗಿ ಸಿಕ್ಕ ಚೆಂಡಿನ ದಿಕ್ಕನ್ನು ಯಾವ ಗೋಲ್‌ಕೀಪರ್‌ಗೂ ಓದಲಾಗದು. ಆದರೆ 119 ನಿಮಿಷ ಓಡಿದ ಮೇಲೂ ಚೆಂಡು ಎಲ್ಲಿ ಬೀಳಬಹುದೆಂದು ಊಹಿಸಿ ಅಲ್ಲಿ ನಿಂತಿರುವುದು ಕಸುಬು.

ಮರುವರ್ಷ ಹದಿಹರೆಯದ ಎಮಿಲ್ ಹೆಸ್ಕಿ ಜೊತೆ ಜೋಡಿಯಾಗಿ, ಮೂವತ್ತರ ಪ್ರಾಯದಲ್ಲಿ ಮೊದಲ ಸಲ ಅತ್ಯುನ್ನತ ಡಿವಿಷನ್‌ನಲ್ಲಿ ಆಡಿ 12 ಲೀಗ್ ಗೋಲು ಹೊಡೆದರು. ಲೀಗ್ ಕ್ಲಬ್ಬುಗಳ ನಾಕೌಟ್ ಟೂರ್ನಿಯಾದ ಲೀಗ್ ಕಪ್‌ನ ಫೈನಲ್ ಮಿಡಲ್ಸ್‌ಬರೊ ಜೊತೆ. ವೆಂಬ್ಲಿಯಲ್ಲಿ 1-1. 1997ರ ಏಪ್ರಿಲ್ 16ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಸ್ಟೇಡಿಯಂನಲ್ಲಿ ಮರುಪಂದ್ಯ. ಮಿಡಲ್ಸ್‌ಬರೊದ ಬ್ರೆಜಿಲ್ ಆಟಗಾರ ಜುನಿನ್ಯೊಗೆ ಪಾಂಟಸ್ ಕಾಮಾರ್ಕ್‌ರನ್ನು ನೆರಳಿನಂತೆ ಅಂಟಿಸಿ ಒ'ನೀಲ್ ಆಟವನ್ನು ಕಟ್ಟಿಹಾಕಿದ್ದರು. ಹೆಚ್ಚುವರಿ ಅವಧಿಯಲ್ಲಿ, 100ನೇ ನಿಮಿಷಕ್ಕೆ, ಸ್ಟೀವ್ ವಾಲ್ಶ್ ತಲೆಯಿಂದ ಇಳಿಸಿಕೊಟ್ಟ ಚೆಂಡನ್ನು ಕ್ಲ್ಯಾರಿಜ್ ನೆಲಕ್ಕೆ ಬೀಳಬಿಡದೆ ಹೊಡೆದರು. 1-0. ಅದರಿಂದ ಲೆಸ್ಟರ್‌ಗೆ ಯುರೋಪಿನ ಕ್ಲಬ್ಬುಗಳ ಯುಇಎಫ್‌ಎ ಕಪ್‌ನಲ್ಲಿ ಜಾಗ ಸಿಕ್ಕಿತು.

ಹನ್ನೊಂದು ತಿಂಗಳಲ್ಲಿ ಎರಡು ಫೈನಲ್, ಎರಡೂ ಗೆಲುವಿನ ಗೋಲು. ಹೀಗಾದ ಮೇಲೆ ಆಟಗಾರ ಆ ಊರಿನಲ್ಲೇ ನೆಲೆ ನಿಲ್ಲಬೇಕು. ಆದರೆ ಮುಂದಿನ ಆಗಸ್ಟ್‌ನಲ್ಲಿ ಇನ್ನೊಬ್ಬ ಫಾರ್ವರ್ಡ್ ಟೋನಿ ಕಾಟಿ ಬಂದರು. 1998ರ ಜನವರಿಗೆ ಕ್ಲ್ಯಾರಿಜ್ ಎರವಲು ಆಟಗಾರನಾಗಿ ಪೋರ್ಟ್ಸ್‌ಮತ್‌ನಲ್ಲಿದ್ದರು.

ಮೆಕ್‌ಗೀ ಮೂರು ಸಲ

1998ರ ಮಾರ್ಚ್. ಮತ್ತೆ ಮಾರ್ಚ್. ವುಲ್ವರ್‌ಹ್ಯಾಂಪ್ಟನ್‌ನ ಮೆಕ್‌ಗೀ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಕೊಂಡರು. ಐದು ಲೀಗ್ ಪಂದ್ಯ, ಗೋಲು ಸೊನ್ನೆ. ಆಗಸ್ಟ್‌ಗೆ ಅದಕ್ಕಿಂತ ಕಡಿಮೆಗೆ ಪೋರ್ಟ್ಸ್‌ಮತ್‌ಗೆ, ಹುಟ್ಟೂರಿಗೆ. ಹತ್ತು ಲಕ್ಷ ದಾಟಿದ್ದ ಬೆಲೆ ಎರಡೂವರೆ ವರ್ಷದಲ್ಲಿ ಹೀಗೆ ಕರಗಲು ಕಾಲುಗಳಷ್ಟೇ ಕಾರಣವಲ್ಲ. ಪ್ರಾಯ ಮೂವತ್ತು ದಾಟಿತ್ತು, ಮುಂದೆ ಮಾರಿ ಲಾಭ ಮಾಡುವ ಆಸೆ ಕೊಳ್ಳುವವರಿಗೆ ಇರುವುದಿಲ್ಲ. ಜೊತೆಗೆ 1998ರ ಹೊಸ ನಿಯಮ. ಒಂದು ವರ್ಷ ಕಾದರೆ ಪುಕ್ಕಟೆ ಸಿಗುವವನಿಗೆ ಇವತ್ತು ಯಾರು ದುಡ್ಡು ಕೊಡುತ್ತಾರೆ?

ಆದರೆ ಮೆಕ್‌ಗೀ ಕ್ಲ್ಯಾರಿಜ್‌ರನ್ನು ಮರೆಯಲಿಲ್ಲ. 2001ರ ಮಾರ್ಚ್‌ನಲ್ಲಿ, ಮಿಲ್‌ವಾಲ್ ಮ್ಯಾನೇಜರ್ ಆಗಿ, ಮತ್ತೆ ಕರೆದುಕೊಂಡರು. ಆ ಸೀಸನ್ ಮಿಲ್‌ವಾಲ್ ಎರಡನೇ ಡಿವಿಷನ್ ಚಾಂಪಿಯನ್ ಆಯಿತು. ಮರುವರ್ಷ ಪ್ರೀಮಿಯರ್ ಲೀಗ್‌ಗೆ ಬಡ್ತಿಯ ಪ್ಲೇಆಫ್ ಸೆಮಿಫೈನಲ್‌ವರೆಗೆ ಹೋಗಿ, ಕ್ಲ್ಯಾರಿಜ್ ಅವರ ಹಳೆಯ ಬರ್ಮಿಂಗ್‌ಹ್ಯಾಮ್‌ಗೇ ಸೋತಿತು. 2004ರ ಕೊನೆಯಲ್ಲಿ, ಬ್ರೈಟನ್ ಮ್ಯಾನೇಜರ್ ಆಗಿ, ಮೆಕ್‌ಗೀ ಮೂರನೇ ಸಲ ಕರೆದರು. ಆಗ ಕ್ಲ್ಯಾರಿಜ್‌ಗೆ 38. ಐದು ಪಂದ್ಯದಲ್ಲಿ ಒಂದೂ ಗೋಲು ಹೊಡೆಯದವನನ್ನು ಅದೇ ಮ್ಯಾನೇಜರ್ ಇನ್ನೆರಡು ಸಲ ಕರೆಯುವುದೇಕೆ?

ಆ ವಯಸ್ಸಿನಲ್ಲಿ ಅವರಿಂದ ಬೇಕಾಗಿದ್ದದ್ದು ಬೇರೆ ಸರಕು. ತಂಡ 1-0 ಮುಂದಿದೆ, ಇಪ್ಪತ್ತು ನಿಮಿಷ ಬಾಕಿ. ಬದಲಿ ಆಟಗಾರನಾಗಿ ಬಂದವನು ಚೆಂಡನ್ನು ಕಾಪಾಡಬೇಕು, ಡಿಫೆಂಡರ್ ಹಿಂದಿನಿಂದ ತಳ್ಳುವಂತೆ ಮಾಡಿ ಫ್ರೀ ಕಿಕ್ ಗಿಟ್ಟಿಸಬೇಕು, ಬದಿಯ ಡಿಫೆಂಡರ್ ಮತ್ತು ನಡುವಿನ ಡಿಫೆಂಡರ್ (ಸೆಂಟರ್ ಬ್ಯಾಕ್) ಮಧ್ಯದ ಸಂದಿಗೆ ಓಡಿ ಎದುರಾಳಿಯನ್ನು ಹಿಂದಕ್ಕೆಳೆಯಬೇಕು, ಕೊನೆಯ ಎರಡು ನಿಮಿಷ ಚೆಂಡನ್ನು ಮೂಲೆಗೆ ಒಯ್ದು ಅದರ ಮೇಲೆ ಬಾಗಿ ನಿಲ್ಲಬೇಕು. ವೇಗ ಬೇಡ, ಹಟ ಬೇಕು. ಕೇಂಬ್ರಿಜ್‌ನ ಉದ್ದ ಹುಲ್ಲಿನಲ್ಲಿ ಬೈಸಿಕೊಂಡು ಕಲಿತ ಪಾಠ ಹದಿನೈದು ವರ್ಷದ ಮೇಲೆ ಅನ್ನ ಹಾಕಿತು ಎಂದು ನಮಗೆ ಅನಿಸುತ್ತದೆ.

ತಾನೇ ಮೇಸ್ತ್ರಿಯಾದಾಗ

ಲೀಗ್ ಕ್ಲಬ್ಬುಗಳಲ್ಲಿ ಮ್ಯಾನೇಜರ್ ಆಗಲು ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಏಟು ತಿಂದರು, ಎರಡೂ ಸಲ ಕಾರಣ ಒಂದೇ. 2000ದ ಅಕ್ಟೋಬರ್‌ನಲ್ಲಿ ಪೋರ್ಟ್ಸ್‌ಮತ್‌ನ ಮಾಲೀಕ ಮಿಲಾನ್ ಮಂಡಾರಿಚ್ ಕ್ಲ್ಯಾರಿಜ್‌ರನ್ನು ಆಟಗಾರ-ಮ್ಯಾನೇಜರ್ ಮಾಡಿದರು. ಈ ಹುದ್ದೆಯ ಕಷ್ಟ ಶನಿವಾರ ಬೆಳಗ್ಗೆ ಶುರುವಾಗುತ್ತದೆ. ತಂಡದ ಪಟ್ಟಿ ಬರೆಯುವಾಗ ನಿಮ್ಮ ಹೆಸರನ್ನು ನೀವೇ ಬರೆಯಬೇಕು, ಇಲ್ಲವೇ ಹೊಡೆಯಬೇಕು. ಬರೆದರೆ ಬೆಂಚಿನಲ್ಲಿ ಕೂತವನು ಗೊಣಗುತ್ತಾನೆ, ಬಿಟ್ಟರೆ ತಂಡ ತನ್ನ ಒಳ್ಳೆಯ ಫಾರ್ವರ್ಡ್ ಕಳೆದುಕೊಳ್ಳುತ್ತದೆ. ಅಂಗಳದೊಳಗೆ ಓಡುತ್ತಾ ಆಟದ ಇಡೀ ನಕ್ಷೆ ಕಾಣುವುದೂ ಇಲ್ಲ. 2001ರ ಫೆಬ್ರುವರಿಯಲ್ಲಿ ಮಂಡಾರಿಚ್ ಆ ಜಾಗಕ್ಕೆ ಗ್ರಹಾಂ ರಿಕ್ಸ್‌ರನ್ನು ತಂದರು. ಕ್ಲ್ಯಾರಿಜ್ ಮರುತಿಂಗಳೇ ಮಿಲ್‌ವಾಲ್‌ಗೆ ಎರವಲು ಹೋದದ್ದು ಈ ಹಿನ್ನೆಲೆಯಲ್ಲಿ.

2005ರ ಜೂನ್‌ನಲ್ಲಿ ಮಿಲ್‌ವಾಲ್‌ಗೇ ಮ್ಯಾನೇಜರ್ ಆದರು. ನೇಮಿಸಿದ್ದು ಆಗಷ್ಟೇ ಬಂದಿದ್ದ ಅಧ್ಯಕ್ಷರು. ಆ ಅಧ್ಯಕ್ಷರು ಜುಲೈನಲ್ಲಿ ಕುರ್ಚಿ ಬಿಟ್ಟರು, ಅವರ ಹಿಂದೆಯೇ ಕ್ಲ್ಯಾರಿಜ್ ಹೋಗಬೇಕಾಯಿತು. 36 ದಿನ. ಲೀಗ್ ಇನ್ನೂ ಶುರುವಾಗಿರಲಿಲ್ಲ, ಒಂದು ಅಧಿಕೃತ ಪಂದ್ಯವನ್ನೂ ಆಡಿಸದೆ ಕೆಲಸ ಹೋಯಿತು. ಆಟಗಾರನ ಹಣೆಬರಹ ಮ್ಯಾನೇಜರ್ ಕೈಯಲ್ಲಿದ್ದರೆ, ಮ್ಯಾನೇಜರನದು ಅಧ್ಯಕ್ಷರ ಕೈಯಲ್ಲಿ. ಜೂಜಿನ ಚಟದ ಬಗ್ಗೆ ಕ್ಲ್ಯಾರಿಜ್ ತಾವೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆದರೂ ಅವರ ವೃತ್ತಿಯ ದೊಡ್ಡ ಜೂಜು ಕುದುರೆಗಳ ಮೇಲಿನದಲ್ಲ, ಬೇರೆಯವರ ಕುರ್ಚಿಗಳ ಮೇಲಿನದು.

ನಡುವೆ 2003ರಲ್ಲಿ ಹಳೆಯ ವೇಮತ್‌ಗೆ ಆಟಗಾರ-ಮ್ಯಾನೇಜರ್ ಆಗಿ ಹೋಗಿದ್ದರು. ಮೊದಲ ಸೀಸನ್‌ನಲ್ಲಿ ನಾನ್‌ಲೀಗ್‌ನ ಸದರ್ನ್ ಲೀಗ್‌ನಲ್ಲಿ ಎರಡನೇ ಸ್ಥಾನ. ಇಂಗ್ಲೆಂಡಿನಲ್ಲಿ ಮೇ ತಿಂಗಳು ಬಂದರೆ ಪ್ರತಿ ಕ್ಲಬ್ ಉಳಿಸಿಕೊಳ್ಳುವವರ, ಬಿಡುವವರ ಪಟ್ಟಿ ಹೊರಡಿಸುತ್ತದೆ. ಒಪ್ಪಂದ ಮುಗಿಯುವುದು ಜೂನ್ 30ಕ್ಕೆ. ಜುಲೈಗೆ ಫೋನ್ ಬರದಿದ್ದವರಿಗೆ ಕ್ಲ್ಯಾರಿಜ್ ಕಾಲದಲ್ಲಿ ಬಹುಮಟ್ಟಿಗೆ ಇದ್ದ ದಾರಿ ನಾನ್‌ಲೀಗ್. ಹತ್ತು ವರ್ಷದ ಮೇಲೆ ಇನ್ನೊಂದು ದಾರಿ ಬೆಂಗಳೂರಿನವರೆಗೂ ಬಂತು. 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ಮೊದಲ ಕೋಚ್ ಆಗಿ ಬಂದ ಆ್ಯಶ್ಲಿ ವೆಸ್ಟ್‌ವುಡ್ ಇದೇ ಕಸುಬಿನ ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕಲಿತು, ಅಲ್ಲಿ ಜಾಗ ಸಿಗದೆ ಕ್ರೂ, ಬ್ರ್ಯಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ತ್‌ಹ್ಯಾಂಪ್ಟನ್, ಚೆಸ್ಟರ್ ಎಂದು ತಿರುಗಿದವರು. ಅವರು ಕರೆತಂದ ಸೆಂಟರ್ ಬ್ಯಾಕ್ ಜಾನ್ ಜಾನ್ಸನ್ ಕೂಡ ನಾರ್ತ್‌ಹ್ಯಾಂಪ್ಟನ್‌ನವರೇ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ ಮೊದಲ ಸೀಸನ್‌ನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು, 2015-16ರಲ್ಲಿ ಇನ್ನೊಮ್ಮೆ. ಕೆಳ ಡಿವಿಷನ್‌ನ ಕಸುಬುದಾರರೆಂದರೆ ಏನೆಂದು ಸ್ಟ್ಯಾಂಡಿನಲ್ಲಿ ಕೂತು ಜಾನ್ಸನ್ ಆಟ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

999

2004ರ ಚಳಿಗಾಲದಿಂದ ಕ್ಲ್ಯಾರಿಜ್ ಆಡಿದ್ದು ಅಕ್ಷರಶಃ ಜರ್ನಿಮನ್ ಲೆಕ್ಕದಲ್ಲಿ, ತಿಂಗಳು ತಿಂಗಳಿನ ಒಪ್ಪಂದಗಳಲ್ಲಿ. ಬ್ರೈಟನ್, ಬ್ರೆಂಟ್‌ಫರ್ಡ್, ವಿಕಮ್, ಜಿಲ್ಲಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್, ವಾಲ್ಸಾಲ್. ಕ್ಲಬ್ಬಿಲ್ಲದ ಆಟಗಾರನಿಗೆ ವಿಂಡೋದ ಅಡ್ಡಿ ಇಲ್ಲ, ಅದು ಮುಚ್ಚಿದ ಮೇಲೂ ಸಹಿ ಹಾಕಬಹುದು. ಕ್ಲಬ್ಬಿಗೂ ಇದು ಅಗ್ಗ: ಗಾಯಗೊಂಡ ಫಾರ್ವರ್ಡ್ ಗುಣವಾಗುವವರೆಗೆ ಒಬ್ಬರು, ಆಮೇಲೆ ಕೈಕುಲುಕಿ ವಿದಾಯ. ಸೈನಿಂಗ್-ಆನ್ ಫೀ ಇಲ್ಲ, ಬಾಕಿ ಇಲ್ಲ, ಪತ್ರ ಬರೆಯುವ ಎಳೆದಾಟವೂ ಇಲ್ಲ. ಅಪಾಯವೆಲ್ಲ ಆಟಗಾರನ ಪಾಲಿಗೆ. ಹಿಮ್ಮಡಿಯ ಸ್ನಾಯು ಒಮ್ಮೆ ಹಿಡಿದುಕೊಂಡರೆ ಮುಂದಿನ ತಿಂಗಳ ಸಂಬಳ ಇಲ್ಲ.

ಲೀಗ್, ಕಪ್, ನಾನ್‌ಲೀಗ್ ಎಲ್ಲ ಕೂಡಿಸಿದರೆ 2006ರಲ್ಲಿ ಲೆಕ್ಕ 999 ಅಧಿಕೃತ ಪಂದ್ಯಗಳಿಗೆ ಬಂದು ನಿಂತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮೊದಲ ಸಲ ಲೀಗ್‌ನಲ್ಲಿ ಆಡಿಸಿದ್ದ ಬೋರ್ನ್‌ಮತ್ ಸಾವಿರನೆಯದಕ್ಕೆ ಜಾಗ ಕೊಟ್ಟಿತು. ಡಿಸೆಂಬರ್ 9, ಎದುರಾಳಿ ಪೋರ್ಟ್ ವೇಲ್, ಕ್ಲ್ಯಾರಿಜ್‌ಗೆ ನಲವತ್ತು ವರ್ಷ ಎಂಟು ತಿಂಗಳು. ಬೋರ್ನ್‌ಮತ್ 0-4ರಿಂದ ಸೋತಿತು. ಅಲ್ಲಿಗೆ ಲೀಗ್ ಮುಗಿಯಿತು. ಆಟ ಮುಗಿಯಲಿಲ್ಲ: ಅಲ್ಲಿಂದ ವರ್ದಿಂಗ್ ಎಂಬ ನಾನ್‌ಲೀಗ್ ಕ್ಲಬ್ಬಿಗೆ ಹೋಗಿ ಆಡಿದರು.